ಮಂಡಕ್ಕಿಯ ಸವಾಲು

ಮೆಕ್ಕೆಜೋಳದ ಮಂಡಿಯಲ್ಲಿ ಮೂವತ್ತೊಂದು ವರ್ಷ
ಸವಾಲು ಕೂಗಿದ ಗಂಟಲು ನನ್ನದು.
ಅದಕ್ಕೇ ಸುಗ್ಗಿ ಹಬ್ಬದ ಹರಾಜಿಗೆ
ಸಭೆಯವರು ನನ್ನನ್ನೇ ಕುರ್ಚಿ ಹತ್ತಿಸುತ್ತಾರೆ.

ಈ ಸಲವೂ ಆರಾಧನೆ ಮುಗಿದು, ಅಯ್ಯನವರ ಆಶೀರ್ವಾದ ಮುಗಿದು
ಬೇವಿನ ಮರದ ಕೆಳಗೆ ಜಮಖಾನ ಹಾಸಿದರು.
ಕುಂಬಳಕಾಯಿ ಎಂಟುನೂರಕ್ಕೆ ಹೋಯಿತು.
ಕಾಲು ಕಟ್ಟಿದ ಹುಂಜ, ಎರಡು ಸಾವಿರದ ನೂರು.
ಹರಿಹರದಿಂದ ಬಂದ ಎಂಜಿನಿಯರು
ಒಂದೇ ಒಂದು ನಿಂಬೆಹಣ್ಣಿಗೆ ಐದು ಸಾವಿರ ಅಂದಾಗ
ಚಪ್ಪಾಳೆಗೆ ಬೆದರಿ ಹುಂಜವೂ ಕೂಗಿತು.
ಕರ್ತನಿಗೆ ಕೊಡುವುದಕ್ಕೆ ಲೆಕ್ಕ ಯಾಕೆ ಅನ್ನುತ್ತಲೇ
ಎಲ್ಲರೂ ಲೆಕ್ಕ ಇಟ್ಟುಕೊಳ್ಳುತ್ತಿದ್ದರು. ನಾನೂ.

ಆಮೇಲೆ ಬಂತು,
ಹಳೆ ಸೀರೆಯಲ್ಲಿ ಹೊಲಿದ ಚೀಲದ ತುಂಬ ಮಂಡಕ್ಕಿ.
ಇನ್ನೂ ಬೆಚ್ಚಗಿತ್ತು.

ತಂದವಳು ದೀನಮ್ಮ.
ಆ ಹೆಸರು ಶಾಸ್ತ್ರ ನೋಡಿ ಇಟ್ಟದ್ದೋ
ಸ್ಥಿತಿ ನೋಡಿ ಇಟ್ಟದ್ದೋ, ಕೇಳಿದವರಿಲ್ಲ.
ಭಟ್ಟಿ ಸಾಲಿನಲ್ಲಿ, ಹೊಟ್ಟಿನ ಬೆಂಕಿಯ ಮುಂದೆ
ಕಾದ ಮರಳಲ್ಲಿ ಅಕ್ಕಿ ಅರಳಿಸುವವಳು.
ಈಸ್ಟರಿನ ಹಿಂದಿನ ವಾರ ಬಾಣಲೆ ಮಗುಚಿ
ಬಲಗೈ ಮಣಿಕಟ್ಟಿನ ತನಕ ಬೆಂದಿತು.
ಸಾಹುಕಾರ ಮುಲಾಮು ಕೊಡಿಸಿದ,
ಶನಿವಾರದ ಬಟವಾಡೆಯಲ್ಲಿ ಅದರ ದುಡ್ಡು ಹಿಡಿದುಕೊಂಡ.
ಹೊಸ ಚರ್ಮ ಬಂತು, ನುಣ್ಣಗೆ,
ಕೂಸಿನ ಕೆನ್ನೆಯ ಹಾಗೆ, ಗೆರೆಯೇ ಇಲ್ಲದ್ದು.
ಎಡಗೈ ಬೆರಳು ಮೊದಲೇ ಸವೆದಿದ್ದವು.
ಹಾಗಾಗಿ ನ್ಯಾಯಬೆಲೆ ಅಂಗಡಿಯ ಯಂತ್ರಕ್ಕೆ
ದೀನಮ್ಮ ಯಾರೆಂದು ಈಗ ಗೊತ್ತಿಲ್ಲ.

ಒಮ್ಮೆ ಸರದಿಯಲ್ಲಿ ಅವಳ ಬೆನ್ನಿಗೇ ಇದ್ದೆ.
ಹೆಬ್ಬೆಟ್ಟು ಒತ್ತಿದಳು. ಕೆಂಪು ದೀಪ.
ಸೆರಗಿಗೆ ಒರೆಸಿ ಒತ್ತಿದಳು. ಕೆಂಪು ದೀಪ.
"ನೀವು ನೀವಲ್ಲ ಅಂತೈತಮ್ಮಾ," ಅಂದ ಅಂಗಡಿಯವ,
ತಮಾಷೆಗಲ್ಲ, ಬೇಜಾರಿನಿಂದಲೇ.
ಆಗ ಬೇಡದ ಯೋಚನೆಯೊಂದು ಬಂತು:
ಯೇಸುಸ್ವಾಮಿಯೇ ಬಂದು ಇಲ್ಲಿ ನಿಂತು
ಮೊಳೆ ತೂರಿದ ಕೈಯನ್ನು ಆ ಗಾಜಿನ ಮೇಲಿಟ್ಟರೂ
ಅದೇ ದೀಪ ಹತ್ತೀತು.
ಹಿಂದಿದ್ದವರು "ಸರೀರಿ, ಹೊತ್ತಾತು" ಅಂದಾರು.
ನಾನು ಅಂದಿದ್ದೆ.

ಇರಲಿ. ಕುರ್ಚಿಯ ಮೇಲಿಂದ ಕೂಗಿದೆ:
ಮಂಡಕ್ಕಿ, ಒಂದು ಚೀಲ! ಯಾರು, ಎಷ್ಟು?
ಯಾರೋ ಕೆಮ್ಮಿದರು.
ದಾವಣಗೆರೆಯಲ್ಲಿ ಮಂಡಕ್ಕಿಗೆ ಸವಾಲೇ?
ಗಾಳಿಗೆ ಬೆಲೆ ಕಟ್ಟಿದ ಹಾಗೆ.
ಒಂದು ಸಲ, ಅಂದೆ.
"ತೂಕ ಎಷ್ಟಿರಬಹುದು?" ಎಂಜಿನಿಯರು ಕೇಳಿದರು, ಮರ್ಯಾದೆಯಿಂದಲೇ.
ಎರಡು ಸಲ, ಅಂದೆ, ಸ್ವಲ್ಪ ಮೆಲ್ಲಗೆ.
ಅಷ್ಟರಲ್ಲಿ ದೀನಮ್ಮ ಎದ್ದು ಬಂದಳು.
"ಇದನ್ನ ತೂಗಲ್ಲ ಅಣ್ಣಾರೆ. ಅಳೀತಾರೆ."

ಚೀಲದೊಳಗಿಂದ ಸೇರು ತೆಗೆದಳು, ಮಕ್ಕಳನ್ನು ಕರೆದಳು.

ಮಂಡಿಯಲ್ಲಿ ನರೆತವನು ನಾನು, ಸೇರಿನ ಮೋಸ ಬಲ್ಲೆ.
ಅಳೆಯುವವನ ಹೆಬ್ಬೆಟ್ಟು ಒಳಗಿರುತ್ತದೆ,
ಸೇರಿಗೊಂದು ಹಿಡಿ ಉಳಿಯುತ್ತದೆ,
ಹಾಗೆ ಉಳಿದ ಹಿಡಿಗಳಿಂದಲೇ ಎದ್ದ ಮಾಳಿಗೆಗಳು ಈ ಊರಲ್ಲಿವೆ.
ಅವಳ ಹೆಬ್ಬೆಟ್ಟು ಹೊರಗಿತ್ತು.
ಬೆಂದ ಅಂಗೈಯನ್ನು ಅಗಲಿಸಿ, ಕಟ್ಟೆಯ ಹಾಗೆ ಒಡ್ಡಿ,
ಕುಲುಕಿ, ಮತ್ತೆ ಸುರಿದು, ಗುಡ್ಡೆ ಏರಿಸಿ
ಅಂಗಿಯ ಚುಂಗಿಗೆ, ಲಂಗದ ಮಡಿಲಿಗೆ, ಒಬ್ಬನ ಟೋಪಿಗೆ.
ಎಂಜಿನಿಯರ ಮೊಮ್ಮಗಳು ಎರಡನೇ ಸಲ ಬಂದಾಗಲೂ
ಗುಡ್ಡೆ ಅಷ್ಟೇ ಎತ್ತರ.
ಚೆಲ್ಲಿದ್ದನ್ನು ಹೆಕ್ಕಲು ಹುಂಜ
ಕಾಲು ಕಟ್ಟಿಸಿಕೊಂಡೇ ಕುಪ್ಪಳಿಸಿ ಬಂತು.
ಅಯ್ಯನವರೂ ಕೈಯೊಡ್ಡಿದರು.
ನಾನು ಕುರ್ಚಿಯಿಂದ ಇಳಿದೆ, ಒಡ್ಡಲಿಲ್ಲ. ನಾಚಿಕೆ.
ಅವಳೇ ನನ್ನ ಜೇಬು ಹಿಗ್ಗಿಸಿ ಸುರಿದಳು.

ರಾತ್ರಿ ಸಭೆಯ ಪುಸ್ತಕದಲ್ಲಿ
ನಿಂಬೆಹಣ್ಣು, ಐದು ಸಾವಿರ, ಎಂದು ಬರೆದೆ.
ಮಂಡಕ್ಕಿ, ಎಂದು ಬರೆದೆ.
ಯಾರಿಗೆ ಹೋಯಿತು? ಎಷ್ಟಕ್ಕೆ?
ಸರದಿಯ ಕಟ್ಟಕಡೆಯಲ್ಲಿ, ನನ್ನ ಕಿವಿಗೆ ಮುಟ್ಟದಷ್ಟು ದೂರದಲ್ಲಿ
ಯಾರಾದರೂ ಕೈ ಎತ್ತಿದ್ದರೇನೋ,
ತೂತಿನಾಚೆ ಬೆಳಕು ಕಾಣುವಂಥ ಕೈ.

ಜೇಬಿನ ಮೂಲೆಯಲ್ಲಿ ನಾಲ್ಕು ಕಾಳು ಸಿಕ್ಕವು. ತಿಂದೆ.
ಮೂರನೇ ಸಲ ನಾನಿನ್ನೂ ಕೂಗಿಲ್ಲ.